ಹುಳು ಜ್ವರಕ್ಕೆ ಕೂತ ದಿನ ನೀವು ತೆರೆದ ಬಾಗಿಲು

ಮಾನ್ಯ ಜಿಲ್ಲಾ ಮೇಲ್ವಿಚಾರಕರೇ,

‘ಮನೆಬಾಗಿಲಿಗೆ ಮನೋಬಲ’ ಎಂಬ ನಿಮ್ಮ ಯೋಜನೆಯ ವಾರ್ಷಿಕ ಪುಸ್ತಿಕೆ ಕಳೆದ ವಾರ ನಮ್ಮ ಪಂಚಾಯಿತಿ ಕಚೇರಿಗೂ ಬಂದು ತಲುಪಿದೆ. ಒಳ್ಳೆಯ ಹೊಳಪಿನ ಕಾಗದ. ಮುಖಪುಟದಲ್ಲಿ ಹೆಗಲ ಮೇಲೆ ಶಾಲು ಹೊದ್ದು, ಕೈಯಲ್ಲಿ ಸೇಬು ಹಿಡಿದು, ಕ್ಯಾಮೆರಾ ನೋಡದೆ ನೆಲ ನೋಡುತ್ತ ನಿಂತಿರುವವನು ನನ್ನ ತಮ್ಮ ಸುನೀಲ್‌ಕುಮಾರ್. ಅವನ ಪಕ್ಕದಲ್ಲಿ ನಗುತ್ತಿರುವವರು ತಾವು. ಚಿತ್ರದ ಕೆಳಗೆ ‘ಕತ್ತಲೆಯಿಂದ ಬೆಳಕಿಗೆ’ ಎಂದು ಅಚ್ಚಾಗಿದೆ. ನಾಲ್ಕನೇ ಪುಟದಲ್ಲಿ ಅವನ ಹೆಸರಿನ ಮುಂದೆ ‘ಪೂರ್ಣ ಗುಣಮುಖ’ ಎಂದಿದೆ. ಅವನು ಸತ್ತು ಎಂಟು ತಿಂಗಳಾಯಿತು. ಅವನ ಸಾವಿಗೆ ನೀವು ಕಾರಣ. ಇದನ್ನು ನಿಮಗೆ ಮೂರು ಸಲ ಲಕೋಟೆಯಲ್ಲಿ ಬರೆದು ಕಳಿಸಿದೆ. ಮೂರಕ್ಕೂ ‘ಪರಿಶೀಲನೆಯಲ್ಲಿದೆ’ ಎಂಬ ಒಂದೇ ಉತ್ತರ ಬಂತು. ಸತ್ತವನನ್ನು ಎಷ್ಟು ದಿನ ಪರಿಶೀಲಿಸುತ್ತೀರಿ? ಅದಕ್ಕಾಗಿ ಈ ನಾಲ್ಕನೆಯದನ್ನು ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ನಾನು ಎಸ್ಸೆಸ್ಸೆಲ್ಸಿವರೆಗೆ ಓದಿದವಳು. ಗಂಡ ತೀರಿಕೊಂಡ ಮೇಲೆ ತವರಾದ ಕೆಂಚಾರ್ಲಹಳ್ಳಿಗೆ ಬಂದು, ಹದಿನಾಲ್ಕು ವರ್ಷದಿಂದ ರೇಷ್ಮೆ ಹುಳು ಸಾಕುತ್ತಿದ್ದೇನೆ. ಹುಳು ಸಾಕುವವರಿಗೆ ಬರೆದಿಡುವ ಅಭ್ಯಾಸ ಇರುತ್ತದೆ. ಎಂದು ಮರಿ ಬಂತು, ಎಂದು ಪೊರೆ ಬಿಡುವ ಯಾವ ಜ್ವರಕ್ಕೆ ಕೂತವು, ಎಷ್ಟು ಸಲ ಸೊಪ್ಪು ಹಾಕಿದೆ, ಶಾಖ ಎಷ್ಟಿತ್ತು, ಇದನ್ನೆಲ್ಲ ಬರೆಯದಿದ್ದರೆ ಮುಂದಿನ ಬೆಳೆಗೆ ದಾರಿ ತಿಳಿಯುವುದಿಲ್ಲ. ಇನ್ನೂರು ಪುಟದ ಆ ಪುಸ್ತಕದಲ್ಲೇ ನಾನು ಮನೆಯ ಸಂಗತಿಯನ್ನೂ ಎರಡು ಸಾಲು ಬರೆಯುತ್ತಿದ್ದೆ. ಬಾಯಲ್ಲಿ ಹೆಚ್ಚು ಮಾತಾಡುವವಳಲ್ಲ ನಾನು. ಈ ಪತ್ರದಲ್ಲಿ ಬರುವ ಹೆಚ್ಚಿನ ತಾರೀಖುಗಳು ಆ ಪುಸ್ತಕದವು. ತಮಗೆ ಆ ಪುಸ್ತಕದ ಪರಿಚಯ ಇದೆ. ನಿಮ್ಮ ಮೇಜಿನ ಮೇಲೆ ಅದು ಇಪ್ಪತ್ತೆರಡು ದಿನ ಇತ್ತು.

ಸುನೀಲ ನನಗಿಂತ ಹನ್ನೊಂದು ವರ್ಷ ಚಿಕ್ಕವನು. ಗೌರಿಬಿದನೂರಿನ ಹತ್ತಿರ ಕುಡುಮಲಕುಂಟೆಯ ಒಂದು ಕಾರ್ಖಾನೆಯಲ್ಲಿ ಆರು ವರ್ಷ ಕೆಲಸ ಮಾಡಿದ. ಎರಡು ಸಾವಿರದ ಐದನೇ ಇಸವಿ ಮಾರ್ಚ್‌ನಲ್ಲಿ ಒಂದು ಮಧ್ಯಾಹ್ನ ಬ್ಯಾಗು ಹಿಡಿದು ಬಂದ, ಊಟ ಮಾಡಿದ, ಜಗಲಿಯ ಪಕ್ಕದ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡ. ಅಷ್ಟೇ. ಮೂರು ವರ್ಷ ಹೊರಗೆ ಬರಲಿಲ್ಲ. ನಾನು ಹೊಲಕ್ಕೆ ಹೋದಾಗ ಎದ್ದು ಸ್ನಾನ ಮಾಡಿ, ತಟ್ಟೆ ತೊಳೆದಿಟ್ಟು, ಮತ್ತೆ ಒಳಗೆ ಸೇರುತ್ತಿದ್ದ. ಬೈಯುತ್ತಿರಲಿಲ್ಲ, ಕೂಗುತ್ತಿರಲಿಲ್ಲ, ಯಾರಿಗೂ ಏನೂ ಮಾಡಲಿಲ್ಲ. ಒಂದು ಮಾತು ಗಮನಿಸಿ: ಅವನು ಬಾಗಿಲು ಮುಚ್ಚಿದ್ದ, ಚಿಲಕ ಹಾಕಿರಲಿಲ್ಲ. ಆ ಬಾಗಿಲಿಗೆ ಒಳಗಡೆ ಚಿಲಕವೇ ಇರಲಿಲ್ಲ.

ಊರಿನಲ್ಲಿ ಎಲ್ಲರೂ ಕೇಳಿದ್ದು ಯಾಕೆ ಅಂತ. ಹುಡುಗಿ ವಿಷಯವಾ, ಕಾರ್ಖಾನೆಯಲ್ಲಿ ಯಾರಾದರೂ ಹೊಡೆದರಾ, ಮಾಟವಾ? ನಾನೂ ಕೇಳಿದೆ. ಕಣ್ಣೀರು ಹಾಕಿದೆ, ಬೈದೆ, ಎರಡು ದಿನ ಊಟ ಇಡದೆ ನೋಡಿದೆ, ದೇವರು ಕೇಳಿಸಿದೆ, ತಾಯಿತ ತಂದು ಬಾಗಿಲಿಗೆ ಕಟ್ಟಿದೆ. ಅವನು ಉತ್ತರ ಕೊಡಲಿಲ್ಲ. ಆಮೇಲೆ ಕೇಳುವುದನ್ನು ಬಿಟ್ಟೆ. ಬಿಟ್ಟ ಮೇಲೆ ಮನೆಯಲ್ಲಿ ಅವನಿದ್ದಾನೆಂಬುದು ಒಂದು ತಟ್ಟೆಯ ಲೆಕ್ಕವಾಯಿತು. ಇದು ನನ್ನ ತಪ್ಪು. ನನ್ನ ತಪ್ಪುಗಳನ್ನು ನಾನೇ ಬರೆಯುತ್ತೇನೆ, ತಮಗೆ ಆ ಶ್ರಮ ಬೇಡ.

ಎರಡು ಸಾವಿರದ ಎಂಟು, ಜೂನ್ ಹತ್ತು, ಮಂಗಳವಾರ. ನಿಮ್ಮ ಯೋಜನೆಯಿಂದ ತನುಜ ಎಂಬ ಹುಡುಗಿ ಬಂದಳು. ಗುತ್ತಿಗೆ ಮೇಲೆ ಕೆಲಸಕ್ಕೆ ಸೇರಿದವಳು, ಎಂ.ಎಸ್.ಡಬ್ಲ್ಯೂ. ಓದಿದವಳು. ಊರು ಯಾವುದು, ಯಾರ ಪೈಕಿ ಎಂದು ಕೇಳಿದೆ. ಹೇಳಿದಳು. ಒಳಗೆ ಕರೆಯಲಿಲ್ಲ. ಜಗಲಿ ತೋರಿಸಿದೆ. ಜೂನ್ ತಿಂಗಳ ಬಿಸಿಲಲ್ಲಿ ಬಸ್ಸು ಇಳಿದು ನಡೆದು ಬಂದವಳಿಗೆ ನೀರನ್ನೂ ಕೊಡಲಿಲ್ಲ. ಅವಳು ಸುನೀಲನ ಕೋಣೆಯ ಕಿಟಕಿ ಜಗಲಿಯ ಕಡೆಗೇ ಇರುವುದನ್ನು ನೋಡಿ, ಅದರ ಕೆಳಗೆ ಕೂತಳು.

“ಸುನೀಲಣ್ಣ, ನನ್ನ ಹೆಸರು ತನುಜ ಅಂತ. ನಿಮ್ಮನ್ನ ಹೊರಗೆ ಕರ್ಕೊಂಡ್ ಹೋಗಕ್ಕೆ ಬಂದಿಲ್ಲ. ಒಂದು ಗಂಟೆ ಇಲ್ಲೇ ಕೂತಿರ್ತೀನಿ. ಬೇಡ ಅಂದ್ರೆ ಕಿಟಕಿ ಮುಚ್ಚಿ, ಎದ್ದು ಹೋಗ್ತೀನಿ, ಬೇಜಾರು ಮಾಡ್ಕೊಳ್ಳಲ್ಲ.”

ಕಿಟಕಿ ಮುಚ್ಚಲಿಲ್ಲ. ಮಾತೂ ಬರಲಿಲ್ಲ. ಒಂದು ಗಂಟೆ ಕೂತು ಎದ್ದು ಹೋದಳು. ಮುಂದಿನ ಮಂಗಳವಾರವೂ ಹಾಗೇ. ಅದರ ಮುಂದಿನದೂ ಹಾಗೇ. ಪಕ್ಕದ ಮನೆಯ ನಲ್ಲಪ್ಪನಿಗೆ ಇದು ದೊಡ್ಡ ತಮಾಷೆ. “ಏಮ್ಮಾ, ಗೋಡೆ ಜೊತೆ ಮಾತಾಡಿದ್ರೆ ಸರ್ಕಾರ ಸಂಬಳ ಕೊಡ್ತದಾ? ನಮ್ಮ ಮನೇಲೂ ನಾಕು ಗೋಡೆ ಅವೆ, ನನ್ನೂ ಸೇರಿಸ್ಕೊಳಮ್ಮ” ಅಂದ. ತನುಜ ತಿರುಗಿ, “ನಿಮ್ಮನೆ ಗೋಡೆ ಬೇಡಣ್ಣ, ಪಾಪ ಅವು ಅಕ್ಕನ ಕೈಲಿ ಬೈಸ್ಕೊಂಡೇ ಸಾಕಾಗಿರ್ತವೆ” ಅಂದಳು. ನಲ್ಲಪ್ಪನ ಹೆಂಡತಿ ಒಳಗಿನಿಂದ “ಸರ್ಯಾಗ್ ಹೇಳ್ದೆ ಕಣಮ್ಮ” ಎಂದು ಕೂಗಿದಳು. ಕಿಟಕಿಯ ಒಳಗೆ ಯಾರೋ ಮೂಗಿನಲ್ಲಿ ನಕ್ಕ ಸದ್ದು. ಪುಸ್ತಕದಲ್ಲಿ ಜುಲೈ ಒಂದರ ಪುಟದಲ್ಲಿದೆ: ‘ಎರಡನೇ ಜ್ವರ. ಸೊಪ್ಪು ನಿಲ್ಲಿಸಿದೆ. ಸುನೀಲ ನಕ್ಕ.’

ಅದರ ಮುಂದಿನ ಮಂಗಳವಾರ ಅವನು ಮಾತಾಡಿದ. ಅವಳೊಡನೆ ಅಲ್ಲ, ನನ್ನೊಡನೆ. ಮೂರು ವರ್ಷದ ಮೇಲೆ ನನ್ನ ತಮ್ಮನ ಬಾಯಿಂದ ಬಂದ ಮೊದಲನೇ ಮಾತು: “ಅಕ್ಕ, ಅವ್ರಿಗೆ ನೀರು ಕೊಡೇ.”

ಮೇಲ್ವಿಚಾರಕರೇ, ನನಗೆ ಆ ದಿನ ಆದ ನಾಚಿಕೆಯನ್ನು ಬರೆಯಲು ಬರುವುದಿಲ್ಲ. ನೀರು ಕೊಟ್ಟೆ. ಮರುವಾರದಿಂದ ಒಳಗೆ ಕರೆದೆ. ಅವಳು, “ಬೇಡಮ್ಮ, ಇಲ್ಲಿ ಕಿಟಕಿ ಇದೆ” ಅಂತ ಜಗಲಿಯಲ್ಲೇ ಉಳಿದಳು.

ಅವಳು ಮಾಡುತ್ತಿದ್ದುದಕ್ಕೆ ಇಂಗ್ಲಿಷಿನಲ್ಲಿ ಒಂದು ಉದ್ದದ ಹೆಸರಿದೆಯಂತೆ. ಬೆಂಗಳೂರಿನಲ್ಲಿ ಆರು ದಿನ ಕಲಿಸಿದ್ದರಂತೆ, ಕುಡಿತ ಬಿಡಿಸಲು ಹುಟ್ಟಿದ ರೀತಿಯಂತೆ. ನಾನು ಕೇಳಿದ್ದಕ್ಕೆ ಅವಳು ಹೇಳಿದ್ದು ಹೀಗೆ: “ಏನಿಲ್ಲಮ್ಮ, ನಾವು ಹೇಳ್ಬೇಕು ಅಂತಿರೋದನ್ನ ಹೇಳ್ದೆ ಇರೋದು. ಅವ್ರಿಗೆ ಏನು ಬೇಕು ಅಂತ ಅವ್ರ ಬಾಯಲ್ಲೇ ಬರೋ ತನಕ ಕೇಳ್ತಾ ಇರೋದು. ನಾವು ಎಳೆದಷ್ಟೂ ಅವ್ರು ಆ ಕಡೆಗೆ ಎಳೀತಾರೆ. ನಾವು ಹಗ್ಗ ಬಿಟ್ರೆ ಅವ್ರೂ ಒಂದ್ ಸಲ ಕೈ ನೋಡ್ಕೊಳ್ತಾರೆ.” ಆರು ದಿನದಲ್ಲಿ ಕಲಿತದ್ದೋ ಹುಟ್ಟಿನಿಂದ ಬಂದದ್ದೋ ನನಗೆ ಗೊತ್ತಿಲ್ಲ. ಬುದ್ಧಿ ಹೇಳುವುದಕ್ಕೆ ಮುಂಚೆ “ಒಂದು ಮಾತು ಹೇಳ್ಲಾ?” ಎಂದು ಅಪ್ಪಣೆ ಕೇಳುತ್ತಿದ್ದಳು. ಅವನು “ಬೇಡ” ಎಂದರೆ ಹೇಳುತ್ತಿರಲಿಲ್ಲ. ಸರ್ಕಾರದ ಸಂಬಳ ತೆಗೆದುಕೊಳ್ಳುವವರು ಬೇಡ ಎಂದರೆ ಸುಮ್ಮನಾಗುವುದನ್ನು ನಾನು ಅದೇ ಮೊದಲು ನೋಡಿದ್ದು. ಅದೇ ಕೊನೆ ಕೂಡ.

ಸೆಪ್ಟೆಂಬರ್‌ನಲ್ಲಿ ಒಂದು ದಿನ ಕೇಳಿದಳು: “ಸುನೀಲಣ್ಣ, ಹೊರಗೆ ಬರೋ ಮನಸ್ಸು ಹತ್ತರಲ್ಲಿ ಎಷ್ಟು ಅಂತ ಹೇಳ್ಬೋದಾ?”

“ಎರಡು.”

ನಾನಾಗಿದ್ದರೆ ಎರಡೇನಾ ಎಂದು ತಲೆ ಚಚ್ಚಿಕೊಳ್ಳುತ್ತಿದ್ದೆ. ಅವಳು, “ಎರಡಾ? ಸೊನ್ನೆ ಯಾಕಲ್ಲ?” ಅಂದಳು.

ನಾನು ಸೊಪ್ಪಿನ ಕುಕ್ಕೆ ಹಿಡಿದು ಅಂಗಳದಲ್ಲಿ ನಿಂತೇ ಇದ್ದೆ. ಆಮೇಲೆ ಅವನು ಹೇಳಿದ: “ಹುಳ ಸೊಪ್ಪು ತಿನ್ನೋ ಸದ್ದು ಇಲ್ಲಿಗೆ ಕೇಳ್ತದೆ. ಅಕ್ಕ ಈ ಸಲ ಒತ್ತಾಗಿ ಬಿಟ್ಟವಳೆ ಅನ್ಸ್ತದೆ. ಹೋಗಿ ಬಿಡಿಸಿ ಹಾಕ್ಬೇಕು ಅಂತ ಕೈ ತುರಿಸ್ತದೆ.”

ನಿಜವಾಗಿಯೂ ಒತ್ತಾಗಿಯೇ ಬಿಟ್ಟಿದ್ದೆ.

ನವೆಂಬರ್ ಹನ್ನೆರಡರಂದು ಅವನು ಕೋಣೆಯಿಂದ ಹಿತ್ತಲಿನ ಹುಳುಮನೆಗೆ, ಹದಿನೆಂಟು ಹೆಜ್ಜೆ, ನಡೆದು ಹೋದ. ನಾನು ನೋಡಿಯೂ ನೋಡದವಳ ಹಾಗೆ ಪಾತ್ರೆ ತೊಳೆದೆ. ಆಮೇಲೆ ದಿನವೂ ಸಂಜೆ ನಾಲ್ಕೂವರೆಯಿಂದ ಐದೂವರೆಗೆ ಹುಳುಮನೆಯಲ್ಲಿ ಇರುತ್ತಿದ್ದ. ಅವನಿಗೆ ಆ ಜಾಗ ಯಾಕೆ ಒಗ್ಗಿತೆಂದು ನಮ್ಮ ಕಡೆಯ ಯಾರಿಗಾದರೂ ಗೊತ್ತಾಗುತ್ತದೆ. ಹುಳುಮನೆಗೆ ಹೊರಗಿನವರು ಬರುವುದಿಲ್ಲ. ರೋಗ ತಗುಲುತ್ತದೆಂದು ನೆಂಟರೂ ಬಾಗಿಲಲ್ಲೇ ನಿಲ್ಲುತ್ತಾರೆ, ಮನೆಯವರೂ ಕಾಲು ತೊಳೆದು ಸುಣ್ಣ ತುಳಿದು ಒಳಗೆ ಹೋಗುತ್ತಾರೆ. ಅದರಲ್ಲೂ ಹುಳು ಜ್ವರಕ್ಕೆ ಕೂತಾಗ, ಅಂದರೆ ತಿನ್ನುವುದು ಬಿಟ್ಟು, ತಲೆ ಎತ್ತಿ, ಅಲುಗಾಡದೆ, ಹಳೇ ಚರ್ಮ ಕಳೆಯಲು ಕೂತ ಒಂದು ದಿನ, ಸಾಕುವವರೂ ಮುಟ್ಟುವುದಿಲ್ಲ. ಸೊಪ್ಪು ಹಾಕುವುದಿಲ್ಲ. ಪಾಪ ಹಸಿದಿವೆ ಎಂದು ಯಾರೂ ತಲೆ ಬಗ್ಗಿಸಿ ತಿನ್ನಿಸುವುದಿಲ್ಲ. ಅವು ತಾವಾಗಿ ಏಳುವ ತನಕ ಕಾಯುತ್ತೇವೆ. ಇದಕ್ಕೆ ಎಂ.ಎಸ್.ಡಬ್ಲ್ಯೂ. ಬೇಕಿಲ್ಲ. ನಮ್ಮ ತಾಲ್ಲೂಕಿನಲ್ಲಿ ಕೂಲಿಗೆ ಬರುವ ಅಜ್ಜಿಗೂ ಗೊತ್ತು. ಹದಿನಾಲ್ಕು ವರ್ಷ ಹುಳುವಿಗೆ ಇದನ್ನು ಮಾಡಿದ ನಾನು, ತಮ್ಮನಿಗೆ ಮಾಡಬಹುದೆಂದು ತನುಜಳನ್ನು ನೋಡಿದ ಮೇಲೆ ತಿಳಿದುಕೊಂಡೆ. ನೀವು ಈ ಜಿಲ್ಲೆಗೆ ಅಧಿಕಾರಿಯಾಗಿ ಬಂದವರು. ತಿಳಿದುಕೊಳ್ಳಬಹುದಿತ್ತು.

ಎರಡು ಸಾವಿರದ ಒಂಬತ್ತು, ಫೆಬ್ರವರಿ ಹತ್ತು. ಹಬ್ಬ, ರಜೆಗೆ ತಪ್ಪಿದ್ದು ಬಿಟ್ಟು ತನುಜಳ ಮೂವತ್ತೊಂದನೇ ಮಂಗಳವಾರ. ಅಂದು ಅವನ ಲೆಕ್ಕ ಐದಕ್ಕೆ ಬಂದಿತ್ತು. “ಐದು ಆರಾಗಕ್ಕೆ ಏನು ಬೇಕಣ್ಣ?” ಎಂದು ಕೇಳಿದಳು. ಅವನು, “ಬಾಗಿಲು ನಾನೇ ತೆಗೀಬೇಕು. ಬೇರೆ ಯಾರೂ ತೆಗೀಬಾರ್ದು. ಅಷ್ಟೇ” ಅಂದ. ಯುಗಾದಿ ಕಳೆದ ಮೇಲೆ ಅವಳ ಜೊತೆ ಚಿಂತಾಮಣಿಗೆ ಬಂದು ಡಾಕ್ಟರನ್ನು ನೋಡುವ ಮಾತನ್ನೂ ಅವನೇ ಎತ್ತಿದ. “ಬಸ್ಸಲ್ಲಿ ಬೇಡ, ನಡ್ಕೊಂಡ್ ಬರ್ತೀನಿ” ಅಂದ. “ಅಷ್ಟು ದೂರ ನಡೆದ್ರೆ ಡಾಕ್ಟ್ರು ನಿಮ್ಮ ಕಾಲೇ ನೋಡ್ತಾರೆ ಸುನೀಲಣ್ಣ” ಅಂದಳು. ಇಬ್ಬರೂ ನಕ್ಕರು. ಎಲ್ಲವನ್ನೂ ಬರೆದುಕೊಂಡೆ.

ಹನ್ನೆರಡನೇ ತಾರೀಖು ಗುರುವಾರ ತಾವು ಜೀಪಿನಲ್ಲಿ ದಯಮಾಡಿಸಿದಿರಿ. ಕುರ್ಚಿ ಹಾಕಿದೆ, ಮಜ್ಜಿಗೆ ಕೊಟ್ಟೆ. ಜಾತಿ ಕೇಳಲಿಲ್ಲ. ನೋಡಿ, ನನ್ನಂಥವಳೂ ಎಷ್ಟು ಬದಲಾಗಿದ್ದೆ! “ಏನಮ್ಮಾ, ಎಂಟು ತಿಂಗಳಿಂದ ನಮ್ಮ ಹುಡುಗಿ ನಿಮ್ಮ ಜಗಲೀಲಿ ಕೂತ್ಕೊಂಡು ಸಂಬಳ ತಗೊಂಡಿದ್ದಾಳೆ. ಶಿಬಿರಕ್ಕೆ ಒಬ್ಬ ಪೇಷಂಟ್‌ನೂ ತಂದಿಲ್ಲ. ಏನಾದ್ರೂ ಆಗಿದೆಯಾ ಇಲ್ಲಿ?” ಎಂದು ಕೇಳಿದಿರಿ. ಅವಳ ಕೆಲಸಕ್ಕೆ ಸಂಚಕಾರ ಬಂತೆಂದು ನನಗೆ ಗಾಬರಿಯಾಯಿತು. ಆಗಿದೆ ಸಾರ್, ಬೇಕಾದಷ್ಟು ಆಗಿದೆ ಎಂದೆ. ಬಾಯಲ್ಲಿ ಹೇಳಲು ಬರದೆ, ಒಳಗೆ ಹೋಗಿ ಪುಸ್ತಕ ತಂದು ನಿಮ್ಮ ಕೈಗೆ ಕೊಟ್ಟೆ. ಹೆಮ್ಮೆಯಿಂದ ಕೊಟ್ಟೆ. ನೀವು ಪುಟ ತಿರುಗಿಸಿದಿರಿ. “ಭೇಷ್. ಇದು ದಾಖಲೆ. ಇದು ನಮ್ಮಲ್ಲಿ ಇರಲಿ” ಅಂದಿರಿ. ಒಂದು ಕಾಗದ ಮುಂದಿಟ್ಟು, ಸೇವೆ ಮುಂದುವರಿಸಲು ಮನೆಯವರ ಒಪ್ಪಿಗೆ ಬೇಕು ಅಂದಿರಿ. ಸಹಿ ಹಾಕಿದೆ. ತನುಜ ಬರುತ್ತಿರಲಿ ಎಂದು ಸಹಿ ಹಾಕಿದೆ. ಅವಳನ್ನು ಕೆಲಸದಿಂದ ತೆಗೆದ ಆದೇಶಕ್ಕೆ ನೀವು ಸಹಿ ಹಾಕಿದ್ದು ಹದಿನಾರನೇ ತಾರೀಖು. ಕಾರಣ: ‘ಗುರಿ ಸಾಧನೆ ಶೂನ್ಯ.’

ಹತ್ತೊಂಬತ್ತನೇ ತಾರೀಖು ಹುಳು ನಾಲ್ಕನೇ ಜ್ವರಕ್ಕೆ ಕೂತಿದ್ದವು. ಹುಳುಮನೆಯಲ್ಲಿ ಸದ್ದೇ ಇರಲಿಲ್ಲ. ಆ ದಿನ ಅಲ್ಲಿ ಯಾರಿಗೂ ಕೆಲಸವಿಲ್ಲ, ಯಾರೂ ಬರುವುದಿಲ್ಲ, ಅದಕ್ಕೇ ಸುನೀಲ ಒಳಗೆ ಗೋಡೆಗೆ ಒರಗಿ ಸುಮ್ಮನೆ ಕೂತಿದ್ದ. ಸರಿಯಾಗಿ ನಾಲ್ಕೂಮುಕ್ಕಾಲಿಗೆ ನಿಮ್ಮ ಜೀಪು ಹಿತ್ತಲಿನ ಕಡೆಯಿಂದ ಬಂತು. ಮನೆ ಮುಂದೆ ಬರಲಿಲ್ಲ, ನನ್ನನ್ನು ಕೇಳಲಿಲ್ಲ, ಕೋಣೆಯ ಕಡೆ ತಿರುಗಿಯೂ ನೋಡಲಿಲ್ಲ. ನಿಮ್ಮ ನಾಲ್ಕು ಜನ ಬೂಟುಗಾಲಿನಲ್ಲಿ ನೇರವಾಗಿ ಹುಳುಮನೆಗೆ ನುಗ್ಗಿದರು. ಅವನು ಆ ಹೊತ್ತಿಗೆ ಅಲ್ಲಿರುತ್ತಾನೆಂದು ನಿಮಗೆ ಹೇಗೆ ಗೊತ್ತಾಯಿತು? ನನ್ನ ಕೈಬರಹದಲ್ಲಿತ್ತು. ಫೆಬ್ರವರಿ ಹತ್ತರ ಪುಟದಲ್ಲಿ ಮೇಲೆ ಬರೆದಿತ್ತು: ‘ಸಂಜೆ 4.30ರಿಂದ 5.30 ಎಂದಿನಂತೆ ಹುಳುಮನೆ.’ ಅದೇ ಪುಟದಲ್ಲಿ ಎರಡು ಸಾಲು ಕೆಳಗೆ ಬರೆದಿತ್ತು: ‘ಬಾಗಿಲು ಅವನೇ ತೆಗೀಬೇಕಂತೆ. ಬೇರೆ ಯಾರೂ ತೆಗೀಬಾರದಂತೆ.’ ಓದಲು ಬರುವ ಅಧಿಕಾರಿ ನೀವು. ಮೊದಲನೇ ಸಾಲು ಓದಿದ ಕಣ್ಣು ಮೂರನೇ ಸಾಲಿಗೆ ಇಳಿಯಲಿಲ್ಲವೇ? ಇಳಿದರೂ ಅದರಿಂದ ನಿಮ್ಮ ಪುಸ್ತಿಕೆಗೆ ಚಿತ್ರ ಸಿಗುತ್ತಿರಲಿಲ್ಲ ಅಂತಲೇ?

ಅವನು ಕೂಗಲಿಲ್ಲ. ಇಬ್ಬರು ತೋಳು ಹಿಡಿದಿದ್ದರು. ನನ್ನ ಮುಂದೆ ಹಾಯುವಾಗ, “ಅಕ್ಕ, ಹುಳ ತುಳೀತಾವ್ರೆ, ನೋಡೇ” ಅಂದ. ಹುಳುವಿನ ಚಿಂತೆ ಅವನಿಗೆ. ನಾನು ಜೀಪಿನ ಹಿಂದೆ ಓಡಿದೆ. ನಿಮ್ಮ ಸಿಬ್ಬಂದಿಯೊಬ್ಬ ಒಪ್ಪಿಗೆ ಪತ್ರ ಎತ್ತಿ ತೋರಿಸಿ, “ಸೈನ್ ನಿಮ್ದೇ ಅಲ್ವೇನಮ್ಮ?” ಅಂದ. ನನ್ನದೇ. ಮರುದಿನ ಶಿಬಿರದಲ್ಲಿ ಶಾಲು, ಸೇಬು, ಫೋಟೋ. ಆಮೇಲೆ ಹದಿನಾಲ್ಕು ದಿನ ಮೂವತ್ತು ಜನರಿರುವ ಹಾಲಿನಲ್ಲಿ ಇಟ್ಟಿರಿ. ಮೂರು ವರ್ಷ ಒಬ್ಬ ಮನುಷ್ಯನ ಮುಖ ನೋಡಲಾಗದೆ ಇದ್ದವನನ್ನು ಗುಣಪಡಿಸಲು ಮೂವತ್ತು ಮುಖಗಳ ಔಷಧಿ. ಇದನ್ನು ಕಂಡುಹಿಡಿದವರಿಗೂ ಒಂದು ಶಾಲು ಹೊದಿಸಬೇಕು.

ಮಾರ್ಚ್ ಆರರಂದು ಕರೆತಂದು ಬಿಟ್ಟಿರಿ. ಪುಸ್ತಕವನ್ನೂ ಅವನ ಕಣ್ಣೆದುರೇ ಹಿಂದಿರುಗಿಸಿದಿರಿ, ಅದರ ಮೇಲೆ ನಿಮ್ಮ ಕಚೇರಿಯ ಮೊಹರು ಒತ್ತಿತ್ತು. ಅವನು ಯಾರನ್ನೂ ನೋಡದೆ ಹುಳುಮನೆಗೆ ಹೋಗಿ, ಅದರ ಬಾಗಿಲಿನ ಕಬ್ಬಿಣದ ಚಿಲಕ ಬಿಚ್ಚಿ ತಂದು, ತನ್ನ ಕೋಣೆಯ ಬಾಗಿಲಿಗೆ ಒಳಗಡೆಯಿಂದ ಹೊಡೆದುಕೊಂಡ. ಸುತ್ತಿಗೆಯ ಸದ್ದನ್ನು ನಾನು ಒಲೆ ಮುಂದೆ ಕೂತು ಎಣಿಸಿದೆ. ಕಿಟಕಿಯನ್ನೂ ಮುಚ್ಚಿದ. ಸಂಬಳವಿಲ್ಲದಿದ್ದರೂ ತನುಜ ಮುಂದಿನ ಮಂಗಳವಾರ ಬಂದು ಜಗಲಿಯಲ್ಲಿ ಕೂತಳು. ಒಳಗಿನಿಂದ ಒಂದೇ ಮಾತು: “ನೀವೂ ಹೋಗಿ.” ಬೇಡವೆಂದರೆ ಎದ್ದು ಹೋಗುತ್ತೇನೆಂದು ಮೊದಲ ದಿನವೇ ಮಾತು ಕೊಟ್ಟಿದ್ದವಳು, ಎದ್ದಳು. ಅಂಗಳ ದಾಟುವ ತನಕ ಅಳಲಿಲ್ಲ.

ಯುಗಾದಿ ಕಳೆದು ನಾಲ್ಕು ದಿನಕ್ಕೆ ಅವನಿಗೆ ಹೊಟ್ಟೆ ನೋವು ಬಂತು. ನರಳುವುದು ಹೊರಗೆ ಕೇಳುತ್ತಿತ್ತು. ಕಿಟಕಿಗೆ ಬಾಯಿಟ್ಟು ಬೇಡಿಕೊಂಡೆ.

“ಆಸ್ಪತ್ರೆಗೆ ಹೋಗಣ ಕಣೋ ಸುನೀಲಾ, ನಿಂಗೆ ಕೈ ಮುಗೀತೀನಿ.”

“ಜೀಪ್ ಬರ್ತದಾ?”

“ಇಲ್ಲಪ್ಪ, ಯಾವ ಜೀಪೂ ಬರಲ್ಲ. ನಲ್ಲಪ್ಪನ ಆಟೋದಲ್ಲಿ ಹೋಗಣ.”

ಆಮೇಲೆ ಕೇಳಿದ: “ಅಕ್ಕ, ಇದನ್ನ ಬರ್ಕೊಂಡಿದ್ದೀಯಾ?”

ಅದು ಅವನು ನನ್ನೊಡನೆ ಆಡಿದ ಕೊನೆಯ ಮಾತು. ಮೂರನೇ ದಿನ ಬೆಳಗ್ಗೆ ನರಳುವುದೂ ನಿಂತಿತು. ನಲ್ಲಪ್ಪ ಹಾರೆಯಿಂದ ಬಾಗಿಲು ಮೀಟಿದ. ಸುನೀಲ ಮೊಳೆ ಗಟ್ಟಿಯಾಗಿ ಹೊಡೆದಿದ್ದ, ಬಹಳ ಹೊತ್ತು ಹಿಡಿಯಿತು. ಚಿಂತಾಮಣಿಯಲ್ಲಿ ನೋಡಿದ ಡಾಕ್ಟರು, ಕರುಳಿನ ಹತ್ತಿರ ಕೀವು ಕಟ್ಟಿ ಒಡೆದಿದೆ, ಎರಡು ದಿನ ಮುಂಚೆ ತಂದಿದ್ದರೆ ಸಣ್ಣ ಆಪರೇಷನ್ನಿನಲ್ಲಿ ಉಳಿಯುತ್ತಿದ್ದ ಎಂದರು. ಎರಡು ದಿನ ಮುಂಚೆ ಬಾಗಿಲು ಒಡೆಯಬಹುದಿತ್ತಲ್ಲ ಎಂದು ತಾವು ಕೇಳಬಹುದು. ಕೇಳಿ. ನಾನೂ ದಿನಾ ಕೇಳಿಕೊಳ್ಳುತ್ತೇನೆ. ಅವನ ಬಾಗಿಲನ್ನು ಎರಡನೇ ಸಲ ಒಡೆಯಲು ನನಗೆ ಕೈ ಬರಲಿಲ್ಲ. ಮೊದಲನೇ ಸಲ ಒಡೆದವರು ನೀವು, ದಾರಿ ತೋರಿಸಿದವಳು ನಾನು. ನನ್ನ ಪಾಲನ್ನು ನಾನು ಅನುಭವಿಸುತ್ತಿದ್ದೇನೆ. ನಿಮ್ಮ ಪಾಲು ಹೊಳಪಿನ ಕಾಗದದಲ್ಲಿ ಅಚ್ಚಾಗಿ ಊರೂರಿಗೆ ಹೋಗುತ್ತಿದೆ. ಅದನ್ನು ನಾನು ಸಹಿಸುವುದಿಲ್ಲ.

ನಿಮಗೆ ಒಳ್ಳೆಯದಾಗಲಿ ಎಂದು ಬರೆಯುವಷ್ಟು ದೊಡ್ಡ ಮನಸ್ಸು ನನಗಿಲ್ಲ. ನಿಮ್ಮ ನಿದ್ದೆ ಕೆಡಬೇಕು. ಯಾವ ಬಾಗಿಲಿಗೆ ಕೈಯಿಟ್ಟರೂ ನಿಮಗೆ ಆ ಹುಳುಮನೆಯ ಬಾಗಿಲು ನೆನಪಾಗಬೇಕು. ಆದರೆ ಶಾಪ ಹಾಕಿ ಸುಮ್ಮನಾಗುವವಳೂ ನಾನಲ್ಲ, ಹುಳು ಸಾಕುವವಳು, ಕಾದು ಅಭ್ಯಾಸವಿದೆ. ಆದ್ದರಿಂದ ಕೇಳುತ್ತೇನೆ. ಪುಸ್ತಿಕೆಯನ್ನು ಹಿಂದಕ್ಕೆ ತರಿಸಿ, ‘ಪೂರ್ಣ ಗುಣಮುಖ’ ಎಂಬುದನ್ನು ಹೊಡೆದು ‘ಮೃತ’ ಎಂದು ನಿಮ್ಮ ಕೈಯಲ್ಲೇ ಬರೆಯಿರಿ. ತನುಜಳ ಮೂವತ್ತೊಂದು ಮಂಗಳವಾರಗಳಿಗೆ ಶೂನ್ಯ ಎಂದು ಬರೆದ ಆದೇಶವನ್ನು ರದ್ದು ಮಾಡಿ ಅವಳನ್ನು ಕೆಲಸಕ್ಕೆ ಕರೆಯಿರಿ; ಈ ಜಿಲ್ಲೆಯಲ್ಲಿ ಮುಚ್ಚಿದ ಕೋಣೆ ನಮ್ಮದೊಂದೇ ಅಲ್ಲ. ಆಮೇಲೆ ನೀವು ಬನ್ನಿ. ಜೀಪಿನಲ್ಲಿ ಬೇಡ, ಬಸ್ಸಿನಲ್ಲಿ. ಚಪ್ಪಲಿ ಅಂಗಳದಲ್ಲಿ ಬಿಟ್ಟು, ಆ ಕಿಟಕಿಯ ಕೆಳಗೆ, ಅವಳು ಕೂತ ಜಾಗದಲ್ಲಿ, ಮೂವತ್ತೊಂದು ಮಂಗಳವಾರ, ವಾರಕ್ಕೆ ಒಂದು ಗಂಟೆ ಕೂತು ಹೋಗಿ. ಒಳಗೆ ಯಾರೂ ಇರುವುದಿಲ್ಲ. ಯಾರೂ ಉತ್ತರ ಕೊಡುವುದಿಲ್ಲ. ಫೋಟೋದವರನ್ನು ಕರೆತರಬೇಡಿ. ನೀರು ನಾನು ಕೊಡುತ್ತೇನೆ, ಅದನ್ನು ನನ್ನ ತಮ್ಮ ಕಲಿಸಿ ಹೋಗಿದ್ದಾನೆ.

ಬರುವ ಮನಸ್ಸು ಹತ್ತರಲ್ಲಿ ಎಷ್ಟಿದೆ ಎಂದು ನಿಮ್ಮನ್ನು ಕೇಳುತ್ತಿದ್ದೇನೆ. ಸೊನ್ನೆ ಎಂದರೆ ಅದನ್ನಾದರೂ ಬರೆದು ತಿಳಿಸಿ. ನಿಮ್ಮ ಮೊಹರು ಬಿದ್ದ ಆ ಪುಸ್ತಕದಲ್ಲಿ ಇನ್ನೂ ಅರುವತ್ತು ಪುಟ ಖಾಲಿ ಇವೆ. ಅವನು ಹೋದ ದಿನ ಬರೆಯುವುದನ್ನು ನಿಲ್ಲಿಸಿದ್ದೆ. ಬರುವ ಮಂಗಳವಾರದಿಂದ ಮತ್ತೆ ಶುರು ಮಾಡುತ್ತೇನೆ. ನೀವು ಬಂದ ಮಂಗಳವಾರವನ್ನು ಬರೆಯುತ್ತೇನೆ, ಬಾರದ ಮಂಗಳವಾರವನ್ನೂ ಬರೆಯುತ್ತೇನೆ, ಒಂದೊಂದು ಪುಟವನ್ನೂ ಇದೇ ರೀತಿ ಎಲ್ಲರ ಕಣ್ಣಿಗೆ ಬೀಳುವ ಹಾಗೆ ಕಳಿಸುತ್ತೇನೆ. ಈ ಸಲ ಮೂರನೇ ಸಾಲನ್ನೂ ಓದಿಸುತ್ತೇನೆ.

ಇಂತಿ,
ಕೇಳಿದ ಕೂಡಲೇ ತಮ್ಮ ಕೈಗೆ ಪುಸ್ತಕ ಕೊಟ್ಟ ಮೂಢೆ,
ಸುನೀಲನ ಅಕ್ಕ ಶ್ಯಾಮಲಮ್ಮ
ಕೆಂಚಾರ್ಲಹಳ್ಳಿ, ಚಿಂತಾಮಣಿ ತಾಲ್ಲೂಕು
ಡಿಸೆಂಬರ್ 2009